ಶಟರ್ ಇಳಿಸಿದವರು

ಗಂಡನನ್ನು ಮಣ್ಣು ಮಾಡಿದ ವಾರದಲ್ಲೇ ಸೂರಮ್ಮ ಅವನ ಹೆಸರನ್ನು ಟೀವಿಯಲ್ಲಿ ಕೇಳಿದಳು.

ಚಳ್ಳಕೆರೆಯಿಂದ ಬಳ್ಳಾರಿಗೆ ಹೋಗುವ ರಸ್ತೆಯಲ್ಲಿ ಒಂದು ಟೀ ಅಂಗಡಿ. ಮಾದಿಗ ಕೇರಿಯವರು ಅಲ್ಲಿ ಒಳಗೆ ಕೂರುವುದಿಲ್ಲ. ಕೂರಬೇಡಿ ಅಂತ ಯಾರೂ ಹೇಳುವುದಿಲ್ಲ. ಒಳಗೆ ಹೋದರೆ ಟೀ ಬರುವುದಿಲ್ಲ, ಅಷ್ಟೆ. ಸೂರಮ್ಮ ಹೊರಗಿನ ಚಪ್ಪಡಿ ಕಲ್ಲಿನ ಮೇಲೆ ಕೂತು ಕಾಗದದ ಲೋಟ ಹಿಡಿದಿದ್ದಳು. ಒಳಗೆ ಗೋಡೆ ಮೇಲಿನ ಟೀವಿಯಲ್ಲಿ ಬೆಳಗಾವಿಯ ಅಧಿವೇಶನ ನಡೆಯುತ್ತಿತ್ತು.

ಸೆಸ್ ಏರಿಸುವ ಮಸೂದೆಯ ಮೇಲೆ ಜಗಳ. ಮಂಡಿಯವರು ಕೊಂಡ ಕಾಳುಕಡಿಯ ಮೇಲೆ ಸರ್ಕಾರಕ್ಕೆ ಕಟ್ಟಬೇಕಾದ ಸುಂಕ ಅದು. ಏರಿಸಬೇಕು, ಅದರಲ್ಲಿ ಒಂದು ಪಾಲು ಹಮಾಲಿಗಳಿಗೆ ಅಂತ ಆಳುವ ಪಕ್ಷದವರು. ಏರಿಸಿದರೆ ಮೊದಲು ಸಾಯುವವರೇ ಹಮಾಲಿಗಳು ಅಂತ ವಿರೋಧ ಪಕ್ಷದವರು. ಹಿಂದಿನ ಸರ್ಕಾರ ಇದ್ದಾಗ ಇವರು ಆ ಕಡೆ, ಅವರು ಈ ಕಡೆ ಕೂತಿದ್ದರು. ಆಗ ಅವರ ಮಾತು ಇವರ ಬಾಯಲ್ಲಿತ್ತು, ಇವರ ಮಾತು ಅವರ ಬಾಯಲ್ಲಿತ್ತು.

"ಚಳ್ಳಕೆರೆಯ ಬಡ ರೈತ ಆಂಜನೇಯಪ್ಪ ನಿಮ್ಮ ಸೆಸ್ಸಿಗೆ ಹೆದರಿ ಎದೆಯೊಡೆದು ಸತ್ತಿದ್ದಾನೆ. ಆ ಸಾವಿಗೆ ನೀವೇ ಹೊಣೆ," ಅಂತ ಒಬ್ಬರು ಮಸೂದೆಯ ಪ್ರತಿ ಹರಿದು ಗಾಳಿಗೆ ತೂರಿದರು. ಆ ಕಡೆಯಿಂದ ಇನ್ನೊಬ್ಬರು ಎದ್ದು, "ಅವನನ್ನು ಕೊಂದವರು ತೆರಿಗೆ ಕಳ್ಳರು. ಆ ಕಳ್ಳರೆಲ್ಲ ನಿಮ್ಮ ಪಕ್ಷದಲ್ಲೇ ಇದ್ದಾರೆ," ಅಂದರು. ಎಲ್ಲರೂ ಸಭಾಧ್ಯಕ್ಷರ ಪೀಠದ ಮುಂದಕ್ಕೆ ನುಗ್ಗಿದರು.

ಅವಳ ಗಂಡ ಅಂಜಿನೇಯ ರೈತನಲ್ಲ. ಅವನಿಗೆ ಒಂದು ಗೇಣು ಹೊಲ ಇರಲಿಲ್ಲ. ಅವನ ಹೆಸರು ಆಂಜನೇಯಪ್ಪನೂ ಅಲ್ಲ. ಬದುಕಿದ್ದಷ್ಟು ದಿನ ಅವನ ಹೆಸರಿಗೆ ಯಾರೂ ಅಪ್ಪ ಅಂತ ಸೇರಿಸಿರಲಿಲ್ಲ.

ಅಂಗಡಿಯ ಒಳಗಿದ್ದವರು ಒಬ್ಬೊಬ್ಬರಾಗಿ ತಿರುಗಿ ಹೊರಗಿನ ಕಲ್ಲಿನ ಕಡೆ ನೋಡಿದರು. ಸೂರಮ್ಮನ ಸೀರೆಯ ಮೇಲೆ ಟೀ ಚೆಲ್ಲಿತು. ಬಿಸಿ ತಾಗಿದ್ದೂ ಅವಳಿಗೆ ಗೊತ್ತಾಗಲಿಲ್ಲ. ಲೋಟ ಬಿಸಾಕಿ, ತಲೆ ಮೇಲೆ ಸೆರಗು ಎಳೆದುಕೊಂಡು ಕೇರಿಯ ದಾರಿ ಹಿಡಿದಳು. ಓಡಬಾರದು, ಓಡಿದರೆ ಇನ್ನೂ ನೋಡುತ್ತಾರೆ ಅಂತ ತನಗೆ ತಾನೇ ಹೇಳಿಕೊಂಡು ನಡೆದಳು.

ಅಂಜಿನೇಯ ಸತ್ತದ್ದು ಹೀಗೆ.

ಊರ ಹೊರಗೆ ಜಯದೇವಪ್ಪನ ಶೇಂಗಾ ಗೋದಾಮು. ಜಯದೇವಪ್ಪ ಮಂಡಿ ಸಾಹುಕಾರ, ತಾಲ್ಲೂಕಿನಲ್ಲಿ ವಿರೋಧ ಪಕ್ಷದ ದೊಡ್ಡ ತಲೆ. ಮಸೂದೆ ಪಾಸಾಗುವ ಮೊದಲೇ ಆದಷ್ಟು ಮಾಲು ಕೊಂಡು, ಲೆಕ್ಕಕ್ಕೆ ಸಿಗದ ಹಾಗೆ ತುಂಬಿಸಿಡಬೇಕು ಅಂತ ಅವನ ಹಟ. ಲಾರಿ ಮೇಲೆ ಲಾರಿ ಬಂತು. ಹಮಾಲಿಗಳು ಬೆನ್ನು ಬಗ್ಗಿಸಿ ಹೊತ್ತರು. ಚೀಲದ ಮೇಲೆ ಚೀಲ ಒಟ್ಟಿ ನಿಟ್ಟು ಕಟ್ಟುವುದಕ್ಕೆ ಒಂದು ಎತ್ತರ ಇದೆ, ಅದರ ಮೇಲೆ ಕಟ್ಟಬಾರದು. ಜಯದೇವಪ್ಪ ಚಾವಣಿಯ ತಗಡಿನ ತನಕ ಕಟ್ಟಿಸಿದ. ಹೊತ್ತು ಹೊತ್ತು ಅಂಜಿನೇಯನ ಬೆನ್ನಿನ ಚರ್ಮ ಕಿತ್ತು ಹೋಗಿತ್ತು. ಬೆನ್ನಿಗೆ ಗೋಣಿತಟ್ಟು ಕಟ್ಟಿಕೊಂಡರೂ ರಕ್ತ ಅದರಲ್ಲಿ ಒಸರುತ್ತಿತ್ತು.

ಸೂರಮ್ಮ ಅದೇ ಗೋದಾಮಿನ ಅಂಗಳದಲ್ಲಿ ಕಸ ಗುಡಿಸಿ, ಉದುರಿದ ಶೇಂಗಾ ಆರಿಸುವ ಕೆಲಸದವಳು. ಅವಳ ಜೊತೆಗೆ ಬೀಬಿಜಾನ್. ಬೀಬಿಜಾನಳ ಗಂಡ ಹುಸೇನ್ ಸಾಬ್‌ಗೆ ಬಸ್‌ಸ್ಟ್ಯಾಂಡ್ ಹತ್ತಿರ ಪಂಚರ್ ಅಂಗಡಿ.

ಆ ದಿನ ಮಧ್ಯಾಹ್ನ ಗುಮಾಸ್ತ ಚೌಡೇಶನಿಗೆ ಫೋನ್ ಬಂತು. ಜಯದೇವಪ್ಪ ಶಟರ್ ಹಾಕು ಅಂದ. ಚೌಡೇಶ ಹೊರಗೆ ಬಂದು ರಸ್ತೆ ನೋಡಿದ. "ಲೇ, ತಪಾಸಣೆ ಜೀಪು ಬರ್ತೈತೆ. ಎಲ್ಲಾ ಒಳಗೇ ಇರ್ರಿ, ಉಸಿರು ಬಿಡ್ಬ್ಯಾಡ್ರಿ," ಅಂದು ಶಟರ್ ಎಳೆದು ಬೀಗ ಹಾಕಿದ. ಒಳಗೆ ಅಂಜಿನೇಯ ಮತ್ತು ಪೆದ್ದಣ್ಣ ಇದ್ದರು. ಕಿಟಕಿಯೂ ಇಲ್ಲದ ಗೋದಾಮು, ಶಟರ್ ಬಿದ್ದರೆ ಕತ್ತಲೆ.

ಜೀಪು ಬಂದು ಗೋದಾಮಿನ ಮುಂದೆಯೇ ನಿಂತಿತು. ಇಳಿದ ಅಧಿಕಾರಿಗೆ ಜಯದೇವಪ್ಪ ತಾನೇ ಕುರ್ಚಿ ಹಾಕಿ, ಟೀ ತರಿಸಿದ. ಆಗ ಒಳಗೆ ಏನೋ ಕುಸಿದ ಸದ್ದು. ನೆಲ ಅದುರಿತು. ಶಟರಿನ ಅಡಿಯಿಂದ ದೂಳು ಹೊರಗೆ ಬಂತು. ಸೂರಮ್ಮ ಪೊರಕೆ ಬಿಸಾಕಿ ಓಡಿದಳು. ಶಟರಿನ ತಗಡಿಗೆ ಕಿವಿ ಇಟ್ಟಳು. ಒಳಗಿಂದ ಅಂಜಿನೇಯನ ದನಿ.

"ಸೂರಿ, ತೆಗ್ಸೇ. ಎದಿ ಮ್ಯಾಲ್ ಐತೆ. ತೆಗ್ಸೇ."

ಅವಳು ಎರಡೂ ಕೈಯಲ್ಲಿ ತಗಡು ಬಡಿದಳು. ಚೌಡೇಶ ಹಿಂದಿನಿಂದ ಬಂದು ಅವಳ ತುರುಬು ಹಿಡಿದು ಎಳೆದ. ಅಂಗೈಯಿಂದ ಬಾಯಿ ಮುಚ್ಚಿ, ಗೋಡೆ ಮರೆಗೆ ಎಳೆದುಕೊಂಡು ಹೋಗಿ ನೆಲಕ್ಕೆ ಅದುಮಿದ. ಅವಳ ಬೆನ್ನ ಮೇಲೆ ಅವನ ಮೊಣಕಾಲು ಇತ್ತು. ಅವನು ಅವಳ ಕಿವಿಯಲ್ಲಿ, "ಜೀಪು ಹೋಗ್ಲಿ. ಜೀಪು ಹೋಗ್ಲಿ ತಾಳು," ಅನ್ನುತ್ತಿದ್ದ. ಅವನೂ ನಡುಗುತ್ತಿದ್ದ. ಕುರ್ಚಿಯಲ್ಲಿ ಕೂತ ಅಧಿಕಾರಿಗೆ ಆ ಕೂಗು ಕೇಳಿಸಿತು. ಅವನು ಒಮ್ಮೆ ಶಟರ್ ಕಡೆ ತಿರುಗಿದ್ದನ್ನು ಸೂರಮ್ಮ ನೆಲದಿಂದಲೇ ಕಂಡಳು. ಆಮೇಲೆ ಅವನು ತನ್ನ ಟೀ ಲೋಟ ನೋಡಿದ. ಊದಿ ಊದಿ ಕುಡಿದ. ಜಯದೇವಪ್ಪನ ಕೈ ಕುಲುಕಿ ಜೀಪು ಹತ್ತಿದ.

ಶಟರ್ ಎತ್ತುವ ಹೊತ್ತಿಗೆ ಕೂಗು ನಿಂತಿತ್ತು. ಪೆದ್ದಣ್ಣನ ಪಾದ ಜಜ್ಜಿ ಹೋಗಿತ್ತು. ಅಂಜಿನೇಯನ ಬಾಯಿ ತುಂಬ ದೂಳು.

ಮಣ್ಣಾದ ಮಾರನೇ ದಿನ ಜಯದೇವಪ್ಪ ಕೇರಿಗೆ ಬಂದ. ಕೇರಿಯೊಳಗೆ ಬರಲಿಲ್ಲ. ಮೋರಿಯ ಆಚೆ ಕಾರು ನಿಲ್ಲಿಸಿ ಸೂರಮ್ಮನನ್ನು ಕರೆಸಿಕೊಂಡ.

"ನೋಡಮ್ಮ, ಹೋದೋನು ಬರಲ್ಲ. ಸೆಸ್ ಬಂದ್ರೆ ಕೂಲಿ ಹೋಗುತ್ತೆ ಅಂತ ಚಿಂತೆ ಹಚ್ಕಂಡಿದ್ದ, ಎದಿ ಒಡೀತು. ಯಾರ್ ಕೇಳಿದ್ರೂ ಇಷ್ಟು ಹೇಳು. ನಿಂಗೊಂದು ಮನಿ ಕೊಡಿಸೋ ಜವಾಬ್ದಾರಿ ನಂದು." ಕಾರು ಹತ್ತುವಾಗ ತಿರುಗಿ, "ಮಗಳು ಮೊಳಕಾಲ್ಮುರು ಹಾಸ್ಟೆಲ್‌ನಾಗೆ ಓದ್ತಾಳಲ್ವಾ? ಓದ್ಲಿ, ಓದ್ಲಿ," ಅಂದ.

ಅದೇ ಸಂಜೆ ನಾಗಾರ್ಜುನ ಬಂದ. ಅವನು ಆಳುವ ಪಕ್ಷದ ಯುವ ನಾಯಕ. ಅವನು ಮೋರಿ ದಾಟಿ ಬಂದು, ಅವಳ ಗುಡಿಸಲ ಮುಂದೆ ನಿಂತು ಕೈ ಮುಗಿದ. ಜೊತೆಗಿದ್ದವನು ಫೋಟೋ ಹೊಡೆದ.

"ಅಕ್ಕಾ, ಜಯದೇವಪ್ಪನ್ನ ಬಿಡಬ್ಯಾಡ. ಕದ್ದ ಮಾಲು ತುಂಬಿದ್ರು, ನಿಟ್ಟು ಬಿತ್ತು, ನನ್ ಗಂಡ ಸತ್ತ ಅಂತ ಹೇಳು. ನಿನ್ನ ಹಿಂದೆ ಸರ್ಕಾರನೇ ಐತೆ."

ಸೂರಮ್ಮನಿಗೆ ಒಂದು ಗಳಿಗೆ ಧೈರ್ಯ ಬಂತು. "ಅಣ್ಣಾ, ಶಟರ್ ಹಾಕಿದ್ರು. ಜೀಪಿನೋರು ಅಲ್ಲೇ ಕೂತಿದ್ರು," ಅಂದಳು.

ನಾಗಾರ್ಜುನನ ಮುಖ ಬಿಗಿಯಾಯಿತು. "ಶಟರ್ ಮಾತು ಬ್ಯಾಡ. ಜೀಪಿನ ಮಾತಂತೂ ಬ್ಯಾಡವೇ ಬ್ಯಾಡ," ಅಂದ. ಆಮೇಲೆ ಸಣ್ಣ ದನಿಯಲ್ಲಿ, "ನಿಂಗೂ ಒಬ್ಳು ಮಗಳಿದಾಳೆ ಅಂತ ಕೇಳಿದೆ," ಅಂದ.

ಅವನು ಹೋದ ಮೇಲೆ ಪಕ್ಕದ ಗುಡಿಸಲಿನಿಂದ ಪೆದ್ದಣ್ಣ ಕುಂಟುತ್ತ ಬಂದ. ಕಾಲಿಗೆ ಪಟ್ಟಿ ಕಟ್ಟಿದ್ದರು. ವಯಸ್ಸಾದವನು, ಅಂಜಿನೇಯನಿಗೆ ವರಸೆಯಲ್ಲಿ ಮಾವ. "ಜೀಪಿನ ಸಾಹೇಬ ಈ ನಾಗಾರ್ಜುನನ ಹೆಂಡತಿ ತಮ್ಮ ಕಣವ್ವಾ," ಅಂದ. "ಅವ್ನೇ ಮೊದ್ಲು ಫೋನ್ ಮಾಡಿ ಹೇಳಿದ್ದು, ಬರ್ತಿದೀನಿ ಅಂತ. ಜಗಳ ಎಲ್ಲ ಬೆಳಗಾವಿಯಾಗೆ. ಇಲ್ಲಿ ಟೀ ಒಂದೇ."

"ಮಾವಾ, ನೀನು ಒಳಗಿದ್ದೆ. ನೀನು ಹೇಳು."

ಪೆದ್ದಣ್ಣ ತಲೆ ತಗ್ಗಿಸಿದ. "ಅಂಜಿನೇಯ ಕುಡಿದಿದ್ದ ಅಂತ ಹೇಳು ಅಂದ್ರು ಠಾಣೆಯಾಗೆ. ಹೇಳ್ದೆ. ನಂಗೂ ಭಯ ಐತವ್ವಾ." ಹೇಳಿ ಗೋಡೆ ಹಿಡಿದುಕೊಂಡು ಹೋದ.

ಅವತ್ತಿನಿಂದ ಸೂರಮ್ಮ ಮುದ್ದೆ ಮುರಿದು ಹಾಗೆಯೇ ಬಿಡುತ್ತಿದ್ದಳು. ಬೈಕಿನ ಸದ್ದಾದರೆ ಎದ್ದು ಗೋಡೆ ಮರೆಗೆ ಸರಿಯುತ್ತಿದ್ದಳು. ಬಾಗಿಲು ಮುಚ್ಚಿದರೆ ಉಸಿರು ಕಟ್ಟುತ್ತಿತ್ತು, ತೆರೆದರೆ ಯಾರೋ ಬರುತ್ತಾರೆ ಅನಿಸುತ್ತಿತ್ತು. ಅಂಥ ಹೊತ್ತಿಗೆ ಅವಳ ಗಂಡನ ಹೆಸರು ಟೀವಿಗೆ ಬಂದದ್ದು.

ಸದನದಲ್ಲಿ ಜಗಳ ಮುಗಿಯಲಿಲ್ಲ. ಕೊನೆಗೆ ಎರಡೂ ಪಕ್ಷದ ಶಾಸಕರನ್ನು ಸೇರಿಸಿ ಒಂದು ಸಮಿತಿ ಮಾಡಿದರು. ಸಮಿತಿ ಚಳ್ಳಕೆರೆಗೇ ಬಂದು ಸತ್ತವನ ಹೆಂಡತಿಯನ್ನು ಕೇಳುತ್ತದೆ ಅಂತ ಸುದ್ದಿಯಾಯಿತು. ಆ ಸುದ್ದಿಯ ಬೆನ್ನಿಗೇ ಮೊಳಕಾಲ್ಮುರಿನಿಂದ ಮಗಳ ಫೋನ್ ಬಂತು.

"ಅವ್ವಾ, ಯಾರೋ ಇಬ್ರು ಹಾಸ್ಟೆಲ್ ಗೇಟಿಗೆ ಬಂದು ದಿವ್ಯಾ ಯಾರು ಅಂತ ಕೇಳ್ಕಂಡು ಹೋದ್ರು."

ಸೂರಮ್ಮ ಉಟ್ಟ ಸೀರೆಯಲ್ಲೇ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಕಂಬಿ ಹಿಡಿದ ಕೈ ಸಡಿಲಿಸಲಿಲ್ಲ. ಮೊಳಕಾಲ್ಮುರಿನಲ್ಲಿ ಇಳಿದು, ಮಗ್ಗದ ಸದ್ದು ಬರುವ ಓಣಿಗಳನ್ನು ದಾಟಿ ಹಾಸ್ಟೆಲಿಗೆ ಹೋದಳು. ದಿವ್ಯಾ ಪಿಯುಸಿ ಓದುವ ಹುಡುಗಿ, ತಂದೆಯ ಹಾಗೆ ಅಗಲ ಹೆಗಲು. ತಾಯಿಯನ್ನು ಕಂಡು ಅಳಲಿಲ್ಲ. ಇಬ್ಬರೂ ಗೇಟಿನ ಪಕ್ಕದ ಬೇವಿನ ಮರದ ಕೆಳಗೆ ಕೂತರು.

"ಪೇಪರ್‌ನಾಗೆ ಒಂದೊಂದು ಥರ ಬರೀತಾರೆ. ಅಪ್ಪ ಹೆಂಗೆ ಸತ್ತ, ನೀನು ಹೇಳು."

ಸೂರಮ್ಮ ಹೇಳಿದಳು. ಹೇಳುವಾಗ ಮಗಳ ಮುಖ ನೋಡಲಿಲ್ಲ.

"ಎಷ್ಟೊತ್ತು ಕೂಗಿದ?"

"ಟೀ ಕುಡಿದು ಮುಗಿಯೋ ತನಕ."

ದಿವ್ಯಾ ಎದ್ದು ಒಳಗೆ ಹೋಗಿ ಬಟ್ಟೆ ಗಂಟು ಕಟ್ಟಿಕೊಂಡು ಬಂದಳು. "ನಡಿ. ನಾನು ಬೀಬಿಜಾನಮ್ಮನ ಮನ್ಯಾಗೆ ಇರ್ತೀನಿ. ಹಾಸ್ಟೆಲ್ ಹಾಸ್ಟೆಲ್ ಅಂತ ಹೆದರಿಸ್ತಾರಲ್ಲ, ಹಾಸ್ಟೆಲ್‌ನಾಗೆ ನಾನೇ ಇರಲ್ಲ."

"ಓದು?"

"ಓದು ಅಲ್ಲೂ ಓದ್ಬೋದು. ನೀನು ಏನ್ ಹೇಳ್ಬೇಕು ಅಂತ ನಾನು ಹೇಳಲ್ಲವ್ವಾ. ನನ್ ಹೆಸರು ಹೇಳಿ ಸುಮ್ನಿರಬ್ಯಾಡ, ಅಷ್ಟೆ."

ಬೀಬಿಜಾನ್ ಒಂದು ಮಾತೂ ಕೇಳದೆ ದಿವ್ಯಾಳ ಗಂಟು ಒಳಗಿಟ್ಟಳು. ಹುಸೇನ್ ಸಾಬ್ ಅಂಗಡಿ ಮುಚ್ಚಿ ಬಂದು ಬಾಗಿಲ ಮುಂದೆ ಚಾಪೆ ಹಾಸಿಕೊಂಡ. "ಹೆದರ್ಕೋಬ್ಯಾಡ ಬೇಟಿ," ಅಂದ. ಅವನ ದನಿಯಲ್ಲೂ ಹೆದರಿಕೆ ಇತ್ತು. ನಾಳೆ ತನ್ನ ಅಂಗಡಿ ಇರುತ್ತದೋ ಇಲ್ಲವೋ ಅವನಿಗೂ ಗೊತ್ತಿರಲಿಲ್ಲ. ಮಾರನೇ ದಿನ ಸೂರಮ್ಮ ಠಾಣೆಗೆ ಹೋಗಿ ಬಂದಳು, ಅಲ್ಲಿ ಯಾರೂ ಬರೆದುಕೊಳ್ಳಲಿಲ್ಲ.

ಸಮಿತಿ ಬಂದ ದಿನ ಊರಿನ ಐಬಿ ಬಂಗಲೆ ಮುಂದೆ ಕಾರುಗಳು ಸಾಲುಗಟ್ಟಿದವು. ಗೇಟಿನ ಒಂದು ಪಕ್ಕ ಒಂದು ಬಾವುಟ, ಇನ್ನೊಂದು ಪಕ್ಕ ಇನ್ನೊಂದು ಬಾವುಟ. ಎರಡೂ ಕಡೆಯವರು ಅಂಜಿನೇಯನ ಫೋಟೋ ಹಿಡಿದಿದ್ದರು. ಒಂದೇ ಫೋಟೋ, ಆಧಾರ್ ಕಾರ್ಡಿನಿಂದ ದೊಡ್ಡದು ಮಾಡಿಸಿದ್ದು. ಟೀವಿಯವರು ಗೇಟಿನ ಹೊರಗೆ ನಿಂತಿದ್ದರು.

ಸೂರಮ್ಮನನ್ನು ಬೆಳಿಗ್ಗೆಯೇ ಕರೆತಂದು ಬಿಸಿಲಲ್ಲಿ ಕೂರಿಸಿದರು. ಹೆದರಿಕೆಗೆ ಅವಳಿಗೆ ಮತ್ತೆ ಮತ್ತೆ ಉಚ್ಚೆ ಬರುವ ಹಾಗೆ ಆಗುತ್ತಿತ್ತು. ಕಕ್ಕಸು ಎಲ್ಲಿದೆ ಅಂತ ಜವಾನನನ್ನು ಕೇಳಿದಳು. ಅವನು ಅವಳನ್ನು ಮೇಲಿಂದ ಕೆಳಗೆ ನೋಡಿ, "ಅದು ಶಾಸಕ್ರಿಗೆ. ಗೋಡೆ ಹಿಂದೆ ಹೋಗು," ಅಂದ. ಗೋಡೆ ಹಿಂದೆ ಡ್ರೈವರುಗಳು ಬೀಡಿ ಸೇದುತ್ತ ನಿಂತಿದ್ದರು. ಅವಳು ಹಾಗೆಯೇ ಬಂದು ಕೂತಳು.

ಒಳಗೆ ಕರೆದಾಗ ಮಧ್ಯಾಹ್ನ. ಉದ್ದ ಮೇಜು. ಒಂದು ಕಡೆ ಆಳುವ ಪಕ್ಷದವರು, ಇನ್ನೊಂದು ಕಡೆ ವಿರೋಧ ಪಕ್ಷದವರು, ನಡುವೆ ಅಧ್ಯಕ್ಷರು. ಗೋಡೆಗೆ ಒರಗಿ ಜಯದೇವಪ್ಪ ಮತ್ತು ಚೌಡೇಶ, ಅವರಿಗೆ ಒಂದು ಮಾರು ದೂರದಲ್ಲಿ ನಾಗಾರ್ಜುನ. ಕುರ್ಚಿ ಖಾಲಿ ಇದ್ದರೂ ಅವಳಿಗೆ ಯಾರೂ ಕೂರು ಅನ್ನಲಿಲ್ಲ. ಅವಳು ನೆಲಹಾಸಿನ ಅಂಚಿಗೆ ಕೂತಳು.

"ಹೆದರಬೇಡಮ್ಮ. ನಿನ್ನ ಗಂಡ ಹೇಗೆ ಸತ್ತ ಹೇಳು," ಅಂದರು ಅಧ್ಯಕ್ಷರು.

"ನಿಟ್ಟು ಬಿತ್ತು ಸ್ವಾಮಿ."

ಆಳುವ ಪಕ್ಷದ ಶಾಸಕರೊಬ್ಬರು ಮೇಜು ತಟ್ಟಿದರು. "ಬರೆದುಕೊಳ್ಳಿ. ಸೆಸ್ ತಪ್ಪಿಸಲು ಮಾಲು ಬಚ್ಚಿಟ್ಟಿದ್ದು ಸಾಬೀತಾಯಿತು."

"ನಿಟ್ಟು ಬೀಳೋ ಮುಂಚೆನೇ ಎದೆ ಒಡೆದಿರಬಹುದಲ್ಲ," ಅಂದರು ಎದುರಿನವರು. "ಸೆಸ್ಸಿನ ಚಿಂತೆ ಅವನಿಗೆ ಇತ್ತೋ ಇಲ್ಲವೋ ಕೇಳಿ."

ಆಮೇಲೆ ಅವಳನ್ನು ಯಾರೂ ನೋಡಲಿಲ್ಲ. ಅವಳ ತಲೆಯ ಮೇಲಿಂದ ಮಾತು ಹಾರಾಡಿತು. ನಿಮ್ಮ ಸರ್ಕಾರ ಇದ್ದಾಗ ಎಷ್ಟಿತ್ತು, ನಮ್ಮ ಸರ್ಕಾರ ಬಂದಾಗ ಎಷ್ಟಾಯಿತು, ಪಕ್ಕದ ಆಂಧ್ರದಲ್ಲಿ ಎಷ್ಟು. ಒಬ್ಬರ ಬೆರಳು ಇನ್ನೊಬ್ಬರ ಮುಖದ ಹತ್ತಿರ ಹೋಗಿತ್ತು. ಸೂರಮ್ಮನಿಗೆ ಇಷ್ಟೇ ಹೇಳಿ ಎದ್ದು ಹೋಗಬಹುದು ಅನಿಸಿತು. ಯಾರೂ ಕೇಳುವುದಿಲ್ಲ. ಮಗಳು ಉಳಿಯುತ್ತಾಳೆ, ತಾನು ಉಳಿಯುತ್ತೇನೆ. ಎದ್ದಳು. ಬಾಗಿಲ ತನಕ ಹೋದಳು.

ಅಲ್ಲಿ ನಿಂತಳು.

"ನಿಟ್ಟು ಬಿದ್ದಾಗ ಸಾಯಲಿಲ್ಲ ಸ್ವಾಮಿ."

ಯಾರಿಗೂ ಕೇಳಲಿಲ್ಲ. ಅವಳು ಇನ್ನೊಮ್ಮೆ ಹೇಳಿದಳು. ಈ ಸಲ ದನಿ ಅವಳಿಗೇ ಹೆದರಿಕೆಯಾಗುವಷ್ಟು ದೊಡ್ಡದಾಗಿ ಬಂತು. "ಬಿದ್ದಾಗ ಸಾಯಲಿಲ್ಲ. ಬದುಕಿದ್ದ. ಕೂಗ್ತಿದ್ದ. ಈ ಜಯದೇವಪ್ಪನೋರು ಶಟರ್ ಹಾಕ್ಸಿದ್ರು. ಬೀಗ ಹಾಕಿದ್ದು ಚೌಡೇಶ. ತಪಾಸಣೆ ಸಾಹೇಬ್ರು ಕುರ್ಚಿ ಮ್ಯಾಲೆ ಕೂತು ಟೀ ಕುಡೀತಿದ್ರು. ಅವ್ರಿಗೆ ಕೇಳ್ತು. ತಿರುಗಿ ನೋಡಿದ್ರು. ಅವ್ರು ಈ ನಾಗಾರ್ಜುನನೋರ ಹೆಂಡತಿ ತಮ್ಮ. ಯಾರೂ ಎತ್ತಲಿಲ್ಲ. ನನ್ನ ಬಾಯಿ ಮುಚ್ಚಿದ್ರು."

ಈ ಕಡೆಯವರು ಆ ಕಡೆಯವರ ಮುಖ ನೋಡಿದರು. ಬಂದಾಗಿನಿಂದ ಮೊದಲ ಸಲ ಒಬ್ಬರನ್ನೊಬ್ಬರು ನೆಟ್ಟಗೆ ನೋಡಿದರು.

"ಪಾಪ, ದುಃಖದಲ್ಲಿದ್ದಾಳೆ," ಅಂದರು ಒಬ್ಬರು.

"ಹೌದು, ಹೌದು. ನಮ್ಮ ಸಮಿತಿ ಬಂದಿರೋದು ಮಸೂದೆ ವಿಚಾರಕ್ಕೆ. ಇದು ಅದಕ್ಕೆ ಬರಲ್ಲ," ಅಂದರು ಎದುರಿನವರು.

"ಇದು ಪೊಲೀಸರ ವಿಚಾರ," ಅಂದರು ಅಧ್ಯಕ್ಷರು. ಬರೆದುಕೊಳ್ಳುತ್ತಿದ್ದವನಿಗೆ, "ಅದು ಬೇಡ, ಬಿಟ್ಟುಬಿಡಿ," ಅಂದರು. ಅವನು ಪೆನ್ನು ಕೆಳಗಿಟ್ಟ.

"ಪೊಲೀಸ್ರ ಹತ್ರ ಹೋದ್ರೆ ಇದು ಸದನದ ವಿಚಾರ ಅಂದ್ರು ಸ್ವಾಮಿ," ಅಂದಳು ಸೂರಮ್ಮ.

ಊಟಕ್ಕೆ ಜಯದೇವಪ್ಪನ ತೋಟದಲ್ಲಿ ಏರ್ಪಾಡಾಗಿತ್ತು. ಎರಡೂ ಪಕ್ಷದವರು ಒಟ್ಟಿಗೆ ಎದ್ದರು. ಚೌಡೇಶ ಅವಳ ತೋಳು ಹಿಡಿದು ಹೊರಕ್ಕೆ ತಂದು ಬಿಟ್ಟ. ಪಕ್ಕದಲ್ಲಿ ಹಾಯ್ದು ಹೋಗುತ್ತ ಜಯದೇವಪ್ಪ, ತುಟಿ ಅಲ್ಲಾಡಿಸದೆ, "ಮುಗೀತು ನಿಂದು," ಅಂದ.

ಸೂರಮ್ಮ ಗೇಟಿನ ಕಡೆ ನಡೆದಳು. ಸಾಲಿನ ಮೊದಲ ಕಾರಿನ ಮುಂದೆ ಬಂದಾಗ ಕಾಲು ಮಡಿಸಿಕೊಂಡು ಕುಸಿದಳು. ಅಲ್ಲಿಯ ತನಕ ತಡೆದಿದ್ದ ಉಚ್ಚೆ ಹೋಯಿತು. ಸೀರೆ ಒದ್ದೆಯಾಯಿತು, ಸಿಮೆಂಟು ನೆಲದ ಮೇಲೆ ಹರಿಯಿತು. ಒಬ್ಬ ಡ್ರೈವರ್ ನಕ್ಕ. ಕಾರು ಹಾರನ್ ಹೊಡೆಯಿತು. "ಏಳೇ," ಅಂದ ಒಬ್ಬ ಪೇದೆ.

ಅವಳು ಬೇಕೆಂದು ಕೂತಿರಲಿಲ್ಲ. ಹೆದರಿಕೆಗೆ ಬಿದ್ದಿದ್ದಳು. ಆದರೆ ಏಳು ಅಂದಾಗ ಅವಳಿಗೆ ಒಂದು ಹೊಳೆಯಿತು. ಇನ್ನು ಇವರು ತೆಗೆಯುವಂಥ ಮಾನ ತನ್ನ ಹತ್ತಿರ ಉಳಿದಿಲ್ಲ. ಎಲ್ಲ ಈ ನೆಲದ ಮೇಲೆ ಹರಿದು ಹೋಗಿದೆ.

"ಏಳಲ್ಲ," ಅಂದಳು.

"ಏನಂದೆ?"

"ಏಳಲ್ಲ. ಬರ್ಕಳ್ರಿ, ಆಮ್ಯಾಲೆ ಏಳ್ತೀನಿ. ಇಲ್ಲಾಂದ್ರೆ ಮೈ ಮ್ಯಾಲೆ ಹತ್ತಿಸ್ಕಂಡು ಹೋಗ್ರಿ."

ಗೇಟಿನ ಹೊರಗಿದ್ದ ಕ್ಯಾಮೆರಾಗಳು ಈ ಕಡೆ ತಿರುಗಿದವು. ಹೆಣ್ಣು ಪೇದೆಗಳಿಬ್ಬರು ಬಂದು ಅವಳ ಕಂಕುಳಿಗೆ ಕೈ ಹಾಕಿ ಎಳೆದರು. ಕುಪ್ಪಸ ಹರಿಯಿತು. ಅವಳು ಕಾರಿನ ಬಂಪರ್ ತಬ್ಬಿ ಹಿಡಿದಳು. ಕಣ್ಣು ಮುಚ್ಚಿದ್ದಳು. ಹಲ್ಲು ಕಟಕಟ ಅನ್ನುತ್ತಿತ್ತು.

ಆಗ ಗೇಟಿನ ಹತ್ತಿರ ಗದ್ದಲವಾಯಿತು. ಬಾವುಟ ಹಿಡಿದವರ ನಡುವೆ ತೂರಿಕೊಂಡು ಪೆದ್ದಣ್ಣ ಬಂದ. ಅವನ ತೋಳು ಹಿಡಿದು ನಡೆಸಿಕೊಂಡು ಬಂದವಳು ದಿವ್ಯಾ. ಪೆದ್ದಣ್ಣ ಸೂರಮ್ಮನ ಪಕ್ಕ, ಆ ಒದ್ದೆ ನೆಲದ ಮೇಲೆಯೇ ಕಷ್ಟಪಟ್ಟು ಕೂತ. ಪಟ್ಟಿ ಕಟ್ಟಿದ ಕಾಲನ್ನು ಚಕ್ರದ ಮುಂದಕ್ಕೆ ಚಾಚಿದ.

"ನಾನು ಒಳಗಿದ್ದೆ," ಅಂದ. ಅವನ ದನಿ ಒಡೆದಿತ್ತು. "ಅವ್ನು ಕುಡಿದಿರಲಿಲ್ಲ. ನಾನು ಸುಳ್ಳು ಹೇಳ್ದೆ. ಅವ್ನು ನನ್ನ ಕೈ ಹಿಡ್ಕಂಡು ಕೂಗ್ತಿದ್ದ. ಕೈ ತಣ್ಣಗಾಗೋ ತನಕ ಹಿಡ್ಕಂಡಿದ್ದೆ. ನನ್ ಹೆಸ್ರು ಪೆದ್ದಣ್ಣ. ನಂದೂ ಬರ್ಕಳ್ರಿ."

ಗೇಟಿನ ಹೊರಗೆ ಅಂಜಿನೇಯನ ಫೋಟೋ ಹಿಡಿದು ನಿಲ್ಲಲು ಎರಡೂ ಪಕ್ಷದವರು ಕರೆತಂದಿದ್ದ ಹಮಾಲಿಗಳು ಇದ್ದರು. ಅವರಲ್ಲಿ ಒಬ್ಬ ಬಾವುಟ ಕೆಳಗಿಟ್ಟು ಒಳಗೆ ಬಂದ. ಆಮೇಲೆ ಇನ್ನೊಬ್ಬ. ಆಮೇಲೆ ಅವರನ್ನು ತಡೆಯಲು ಆಗಲಿಲ್ಲ. ಯಾರೂ ಘೋಷಣೆ ಕೂಗಲಿಲ್ಲ. ಬಂದು ಬಂದು ಕಾರುಗಳ ಮುಂದೆ ಕೂತರು. ಬೀಬಿಜಾನ್ ಬಂದು ತನ್ನ ದುಪಟ್ಟಾ ತೆಗೆದು ಸೂರಮ್ಮನ ಹರಿದ ಕುಪ್ಪಸದ ಮೇಲೆ ಹೊದಿಸಿದಳು.

ಹೊತ್ತು ಇಳಿಯುವ ತನಕ ಕಾರುಗಳು ಕದಲಲಿಲ್ಲ. ಟೀವಿಯಲ್ಲಿ ಇದೆಲ್ಲ ಬರುತ್ತಿದೆ ಅಂತ ಅಧ್ಯಕ್ಷರಿಗೆ ಮೇಲಿಂದ ಫೋನ್ ಬಂತು. ಬರೆಯುವವನು ಹೊರಗೆ ಬಂದು ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತ. ಬರೆದು ಓದಿದ. "ನಿಟ್ಟು ಕುಸಿದು ಮೃತಪಟ್ಟಿರುತ್ತಾರೆ," ಅಂತ ಓದಿದಾಗ ದಿವ್ಯಾ ತಡೆದಳು. "ಕುಸಿದಾಗ ಬದುಕಿದ್ರು ಅಂತ ಬರೀರಿ. ಶಟರ್ ಹಾಕಿತ್ತು ಅಂತ ಬರೀರಿ. ಯಾರು ಹಾಕ್ಸಿದ್ರು, ಯಾರು ಕೂತು ನೋಡಿದ್ರು, ಹೆಸ್ರು ಬರೀರಿ." ಅವನು ಅಧ್ಯಕ್ಷರ ಕಡೆ ನೋಡಿದ. ಅವರು ಬೇರೆ ಕಡೆ ನೋಡಿದರು. ಅವನು ಬರೆದ.

ಸೂರಮ್ಮ ಹೆಬ್ಬೆಟ್ಟು ಒತ್ತಿದಳು. ಗುರುತು ಕಲಸಿಹೋಯಿತು. ಇನ್ನೊಮ್ಮೆ ಒತ್ತಿದಳು.

ಮಸೂದೆ ಮುಂದಿನ ವಾರ ಗದ್ದಲದಲ್ಲೇ ಪಾಸಾಯಿತು. ಪಾಸಾದ ಮೇಲೆ ಎರಡೂ ಪಕ್ಷದವರು ತಾವೇ ಗೆದ್ದೆವು ಅಂದರು. ಕೇಸು ದಾಖಲಾಯಿತು. ಜಯದೇವಪ್ಪ ಮತ್ತು ಚೌಡೇಶ ಒಳಗೆ ಹೋಗಿ ಜಾಮೀನಿನ ಮೇಲೆ ಹೊರಗೆ ಬಂದರು. ಜೀಪಿನ ಅಧಿಕಾರಿಯನ್ನು ಬೇರೆ ಊರಿಗೆ ಹಾಕಿದರು. ಸೂರಮ್ಮನಿಗೆ, ಬೀಬಿಜಾನಳಿಗೆ ಊರಿನ ಯಾವ ಮಂಡಿಯವರೂ ಕೆಲಸ ಕೊಡಲಿಲ್ಲ. ಪಂಚರ್ ಅಂಗಡಿಯ ಕಟ್ಟಡದ ಮಾಲೀಕರು ಜಾಗ ಬಿಡು ಅಂದರು. ಹುಸೇನ್ ಸಾಬ್ ತಳ್ಳುಗಾಡಿಯಲ್ಲಿ ಸಾಮಾನಿಟ್ಟುಕೊಂಡು ರಸ್ತೆ ಬದಿಯ ಒಂದು ಮರದಡಿ ಕೂತ.

ಕೋರ್ಟಿನಿಂದ ಸಮನ್ಸು ಬಂದ ದಿನ ಸೂರಮ್ಮ ಬೀಬಿಜಾನಳ ಮನೆಯ ಕಟ್ಟೆ ಮೇಲೆ ಕೂತಿದ್ದಳು. ಓಣಿಯಲ್ಲಿ ಒಂದು ಬೈಕು ಹಾದುಹೋಯಿತು. ಅವಳ ಮೈ ಬಿಗಿಯಾಗಿ, ಮತ್ತೆ ಸಡಿಲಾಯಿತು.

"ಇನ್ನೂ ಡರ್ ಆಗ್ತೈತಾ?" ಅಂದಳು ಬೀಬಿಜಾನ್.

"ಆಗ್ತೈತೆ."

"ಅವ್ರ ವಕೀಲ್ರು ಏನೇನೋ ಕೇಳ್ತಾರೆ. ಎಲ್ರ ಮುಂದೆ ಮರ್ಯಾದೆ ತೆಗೀತಾರೆ. ಹೋಗ್ತೀಯಾ?"

ಸೂರಮ್ಮ ಮಡಿಸಿದ ಕಾಗದವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಹೋಗ್ತೀನಿ," ಅಂದಳು. "ನಡುಗ್ಕಂಡೇ ಹೋಗ್ತೀನಿ."